ಓದುಗರ ಪ್ರಶ್ನೆ: ಸಣ್ಣ ಬಿಸಿನೆಸ್‌ಗೆ ಯಾವ ಕಾರ್ಪೆಟ್ ಕ್ಲೀನಿಂಗ್ ಮಶೀನ್ ತಗೋಬೇಕು?

ಹೋದ ತಿಂಗಳು ಮನೆ ಕ್ಲೀನಿಂಗ್ ಕೆಲಸ ಶುರು ಮಾಡೋದರ ಬಗ್ಗೆ ಬರೆಯುವಾಗ ಕೊನೇಲಿ ಒಂದೇ ಒಂದು ಸಾಲು, ಸೋಫಾ ಕಾರ್ಪೆಟ್‌ಗೆ ಮಾತ್ರ ಬೇರೆ ಮಶೀನ್ ಬೇಕಾಗುತ್ತೆ ಅಂತ ಹಾಕಿದ್ದೆ. ಅಷ್ಟಕ್ಕೇ ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಎಲ್ಲಾ ಕಡೆಯಿಂದ ಪತ್ರ ಬಂದಿವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ಎಲ್ಲಾ ಪಕ್ಕಕ್ಕಿಟ್ಟು ಇದೊಂದನ್ನೇ ತಗೊಂಡಿದೀನಿ. ನಾನು ಈ ಕೆಲಸ ದಾವಣಗೆರೆಲಿ ಒಂಬತ್ತು ವರ್ಷದಿಂದ ಮಾಡ್ತಿದೀನಿ, ಕೈಯಲ್ಲಿ ಹಿಡಿದು ನೋಡಿರೋದನ್ನಷ್ಟೇ ಹೇಳ್ತೀನಿ.

ಪ್ರಶ್ನೆ: ನಾನು ನನ್ನ ಭಾಮೈದ ಇಬ್ರೂ ಸೇರಿ ಎರಡು ವರ್ಷದಿಂದ ಸಂಪು, ಟ್ಯಾಂಕ್, ಬಾತ್‌ರೂಮ್, ಗೃಹಪ್ರವೇಶಕ್ಕೆ ಮುಂಚೆ ಹೊಸ ಮನೆ ಕ್ಲೀನಿಂಗ್ ಎಲ್ಲಾ ಮಾಡ್ತೀವಿ. ಈಗ ಹೋದಲ್ಲೆಲ್ಲಾ ಸೋಫಾ ಮಾಡ್ತೀರಾ, ಕಾರ್ಪೆಟ್ ಮಾಡ್ತೀರಾ ಅಂತ ಕೇಳ್ತಾರ್ರಿ. ನಮ್ಮತ್ರ ವೆಟ್ ಆಂಡ್ ಡ್ರೈ ವ್ಯಾಕ್ಯೂಮ್ ಒಂದೈತಿ, ಅದರಾಗೇ ಆಗ್ತತಾ? ಒಬ್ರು ಸ್ಟೀಮ್ ಮಶೀನ್ ತಗೋ ಅಂತಾರೆ, ಇನ್ನೊಬ್ರು ಶಾಂಪೂ ಮಶೀನ್ ಅಂತಾರೆ. ನಮಗೆ ಸ್ಕೂಟರ್ ಮೇಲೆ ಹೋಗುವಂಥದ್ದು ಬೇಕು, ದುಡ್ಡೂ ಲೆಕ್ಕದಾಗೈತಿ. — ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಮೊದಲು ಹೆಸರಿನ ಗೊಂದಲ ಬಿಡಿಸಿಬಿಡ್ತೀನಿ, ಯಾಕಂದ್ರೆ ಅಂಗಡಿಯಲ್ಲಿ ಅರ್ಧ ಮೋಸ ಆಗೋದು ಹೆಸರಿನಿಂದಾನೇ. ಜನ ಸ್ಟೀಮ್ ಕ್ಲೀನಿಂಗ್ ಅನ್ನೋದರಲ್ಲಿ ಹೆಚ್ಚಿನ ಪಾಲು ಹಬೆ ಇರೋದೇ ಇಲ್ಲ, ಬಿಸಿನೀರು ಮತ್ತು ಲಿಕ್ವಿಡ್ ಸೇರಿಸಿ ಕಾರ್ಪೆಟ್ ಒಳಗೆ ಸ್ಪ್ರೇ ಮಾಡಿ, ಅದೇ ಕ್ಷಣ ಅದೇ ಮೂತಿಯಿಂದ ಕೊಳೆ ಸಮೇತ ವಾಪಸ್ ಎಳ್ಕೊಳ್ಳೋದು. ಇದಕ್ಕೆ ಎಕ್ಸ್‌ಟ್ರ್ಯಾಕ್ಟರ್ ಅಂತ ಹೆಸರು, ಕೆಲವರು ಸ್ಪ್ರೇ ಎಕ್ಸ್‌ಟ್ರ್ಯಾಕ್ಷನ್ ಮಶೀನ್ ಅಂತಾರೆ. ಶಾಂಪೂ ಮಶೀನ್ ಅಂತ ನಿಮಗೆ ಹೇಳಿರೋದು ಬಹುಶಃ ಕೆಳಗೆ ದುಂಡು ಬ್ರಷ್ ತಿರುಗೋ ಸಿಂಗಲ್ ಡಿಸ್ಕ್ ಮಶೀನು, ಅದು ನೊರೆ ಹಾಕಿ ಉಜ್ಜುತ್ತೆ ಅಷ್ಟೇ, ನೀರು ಎಳೆಯಲ್ಲ, ಎಳೆಯೋಕೆ ಇನ್ನೊಂದು ಮಶೀನ್ ಬೇಕು. ನಿಮ್ಮತ್ರ ಇರೋ ವೆಟ್ ಆಂಡ್ ಡ್ರೈ ನೀರು ಎಳೆಯುತ್ತೆ, ಆದ್ರೆ ಸ್ಪ್ರೇ ಮಾಡೋ ಪಂಪ್ ಅದರಲ್ಲಿಲ್ಲ. ಹಾಗಂತ ಅದನ್ನ ಮಾರಬೇಡ್ರಿ, ಅದು ದಿನಾ ಬೇಕಾಗುತ್ತೆ, ಯಾಕೆ ಅಂತ ಮುಂದೆ ಹೇಳ್ತೀನಿ.

ನಿಮಗೆ ಬೇಕಾಗಿರೋದು ಕೈಯಲ್ಲಿ ಎತ್ತಿಕೊಂಡು ಹೋಗೋ ಸಣ್ಣ ಎಕ್ಸ್‌ಟ್ರ್ಯಾಕ್ಟರು, 8ರಿಂದ 10 ಲೀಟರ್ ಟ್ಯಾಂಕಿಂದು. ಇನ್ನು ಅದರಲ್ಲಿ ಏನು ನೋಡಬೇಕು ಅಂದ್ರೆ, ಈ ಕೆಲಸದಲ್ಲಿ ನೀರು ಹಾಕೋದಕ್ಕೆ ಯಾವ ವಿದ್ಯೆನೂ ಬೇಡ, ಒಂದು ಬಕೆಟ್ ಸಾಕು. ಹಾಕಿದ ನೀರನ್ನ ಎಷ್ಟು ವಾಪಸ್ ಎಳೀತು ಅನ್ನೋದರ ಮೇಲೇ ನಿಮ್ಮ ಹೆಸರು ನಿಲ್ಲೋದು. ಒದ್ದೆ ಉಳಿದ ಕಾರ್ಪೆಟ್ ಎರಡನೇ ದಿನಕ್ಕೆ ಮುಗ್ಗಲು ವಾಸನೆ ಹೊಡಿಯುತ್ತೆ, ತಳದಲ್ಲಿದ್ದ ಕೊಳೆ ಒಣಗ್ತಾ ಒಣಗ್ತಾ ನೂಲಿನ ತುದಿಗೆ ಏರಿ ಬರುತ್ತೆ, ನಿನ್ನೆ ಹೋಗಿದ್ದ ಕಲೆ ಇವತ್ತು ಅಲ್ಲೇ ಕೂತಿರುತ್ತೆ, ಕಸ್ಟಮರ್ ಫೋನ್ ಮಾಡಿ ನೀವು ಏನೂ ಮಾಡೇ ಇಲ್ಲ ಅಂತಾರೆ, ಅವರ ಮಾತಲ್ಲಿ ತಪ್ಪೂ ಇಲ್ಲ. ಹಾಗಾಗಿ ಕ್ಯಾಟಲಾಗ್ ಕೈಗೆ ಬಂದ ತಕ್ಷಣ ಟ್ಯಾಂಕ್ ಎಷ್ಟು ದೊಡ್ಡದು, ಕಲರ್ ಯಾವುದು ಅಂತ ನೋಡೋಕೆ ಹೋಗಬೇಡ್ರಿ, ಸಕ್ಷನ್ ಎಷ್ಟು ಅಂತ ಹುಡುಕ್ರಿ.

ಸಕ್ಷನ್‌ಗೆ ಎರಡು ನಂಬರ್ ಇರುತ್ತೆ. ಒಂದು ಎಳೆತದ ಜೋರು, ಇದನ್ನ ಮಿಲಿಬಾರ್‌ನಲ್ಲಿ ಬರೀತಾರೆ, ಕೆಲವು ಕಡೆ ನೀರನ್ನ ಎಷ್ಟು ಮಿಲಿಮೀಟರ್ ಎತ್ತರಕ್ಕೆ ಎತ್ತುತ್ತೆ ಅಂತ ಬರೀತಾರೆ. 1 ಮಿಲಿಬಾರ್ ಅಂದ್ರೆ ಹೆಚ್ಚುಕಮ್ಮಿ 10 ಮಿಲಿಮೀಟರ್ ನೀರು, ಅಂದ್ರೆ 220 ಮಿಲಿಬಾರ್ ಇರೋ ಮಶೀನು ನೀರನ್ನ ಎರಡು ಮೀಟರ್ ಮೇಲೆ ಎತ್ತೋ ಶಕ್ತಿ ಇಟ್ಕೊಂಡಿದೆ ಅಂತ. ಇನ್ನೊಂದು ನಂಬರ್ ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಎಳೆಯುತ್ತೆ ಅನ್ನೋದು. ಎರಡೂ ಬೇಕು, ಒಂದು ನೀರನ್ನ ನೂಲಿನ ಬುಡದಿಂದ ಕೀಳುತ್ತೆ, ಇನ್ನೊಂದು ಕಿತ್ತ ನೀರನ್ನ ಪೈಪಲ್ಲಿ ಹೊತ್ಕೊಂಡು ಹೋಗುತ್ತೆ. ಬರೀ ವ್ಯಾಟ್ ತೋರಿಸಿ ನೋಡ್ರಿ ಎಷ್ಟು ಪವರ್‌ಫುಲ್ ಅಂದ್ರೆ ಒಪ್ಪಬೇಡ್ರಿ, ವ್ಯಾಟ್ ಅನ್ನೋದು ಮೋಟರ್ ತಿನ್ನೋ ಕರೆಂಟು, ಎಳೆಯೋ ನೀರಿನ ಲೆಕ್ಕ ಅಲ್ಲ. ನನ್ನ ಅನುಭವದಲ್ಲಿ 200 ಮಿಲಿಬಾರ್‌ಗಿಂತ ಕಡಿಮೆ ಇರೋದನ್ನ ಬಿಸಿನೆಸ್‌ಗೆ ತಗೋಬಾರದು, ಮನೆಯಲ್ಲಿ ಮಗು ಹಾಲು ಚೆಲ್ಲಿದ್ದು ಒರೆಸೋಕೆ ಆದ್ರೆ ಆಗುತ್ತೆ.

ಒಂದು ಅಳತೆಗೋಲು ಇರ್ಲಿ ಅಂತ ಹೆಸರು ಹೇಳ್ತೀನಿ, ಕಾರ್ಚರ್ ಕಂಪನಿಯ ಪುಜ್ಜಿ 10/1 ಅನ್ನೋ ಮಾಡೆಲ್ ಈ ಸೈಜಿನಲ್ಲಿ ತುಂಬಾ ಜನ ಬಳಸೋದು. 10 ಲೀಟರ್ ಒಳ್ಳೆ ನೀರಿನ ಟ್ಯಾಂಕು, 1250 ವ್ಯಾಟ್ ಮೋಟರು, 220 ಮಿಲಿಬಾರ್ ಎಳೆತ, ನಿಮಿಷಕ್ಕೆ 1 ಲೀಟರ್ ಸ್ಪ್ರೇ, ಮಶೀನ್ ತೂಕ ಹತ್ತು ಹನ್ನೊಂದು ಕೆಜಿ. ಇದನ್ನೇ ತಗೊಳ್ಳಿ ಅಂತ ಹೇಳ್ತಿಲ್ಲ, ಬೇರೆ ಯಾವುದೇ ತೋರಿಸಿದ್ರೂ ಈ ನಂಬರ್‌ಗಳ ಪಕ್ಕ ಇಟ್ಟು ನೋಡ್ರಿ, ಅಂಗಡಿಯವರ ಮಾತಲ್ಲಿ ಎಷ್ಟು ನಿಜ ಅಂತ ಗೊತ್ತಾಗಿಬಿಡುತ್ತೆ. ಸ್ಪ್ರೇ ಪ್ರೆಶರ್ ಜಾಸ್ತಿ ಇರೋದು ಒಳ್ಳೇದು ಅಂತ ತುಂಬಾ ಜನ ತಿಳ್ಕೊಂಡಿದಾರೆ, ಸೋಫಾ ಕೆಲಸ ಮಾಡೋರಿಗೆ ಅದು ಉಲ್ಟಾ. ಈ ಸಣ್ಣ ಮಶೀನಲ್ಲಿ 1 ಬಾರ್ ಸುಮಾರು ಇರುತ್ತೆ, ಕೆಲವು ದೊಡ್ಡ ಮಶೀನಲ್ಲಿ 100 ಪಿಎಸ್‌ಐ, ಅಂದ್ರೆ ಹತ್ತಿರ ಹತ್ತಿರ 7 ಬಾರ್. ಅಷ್ಟು ಜೋರಲ್ಲಿ ಸೋಫಾಗೆ ಹೊಡೆದ್ರೆ ನೀರು ಬಟ್ಟೆ ದಾಟಿ ಫೋಮ್ ಒಳಗೆ ಹೋಗಿ ಕೂತ್ಕೊಳ್ಳುತ್ತೆ, ಅಲ್ಲಿಂದ ಯಾವ ಸಕ್ಷನ್ನೂ ಪೂರ್ತಿ ತೆಗೆಯಲ್ಲ.

ಟ್ಯಾಂಕ್ ಲೆಕ್ಕ ನೀವೇ ಮಾಡ್ಕೊಳ್ರಿ. ನಿಮಿಷಕ್ಕೆ ಒಂದು ಲೀಟರ್ ಅಂದ್ರೆ 10 ಲೀಟರ್ ಟ್ಯಾಂಕು ಟ್ರಿಗರ್ ಹಿಡಿದಿರೋ ಹತ್ತು ನಿಮಿಷಕ್ಕೆ ಖಾಲಿ. ಕೇಳೋಕೆ ಕಡಿಮೆ ಅನ್ಸುತ್ತೆ, ಆದ್ರೆ ಯಾರೂ ಟ್ರಿಗರ್ ಒಂದೇ ಸಮ ಒತ್ತಿ ಹಿಡಿಯಲ್ಲ, ಒಂದು ಎಳೆತಕ್ಕೆ ನೀರು, ಆಮೇಲೆ ಅದೇ ಜಾಗದಲ್ಲಿ ನೀರಿಲ್ಲದೆ ಎರಡು ಎಳೆತ. ಮೂತಿನ ಯಾವಾಗಲೂ ನಿಮ್ಮ ಕಡೆ ನಿಧಾನ ಎಳೀಬೇಕು, ಮುಗಿಯೋಕೆ ಅರ್ಧ ಗೇಣು ಇರುವಾಗಲೇ ಟ್ರಿಗರ್ ಬಿಟ್ಟುಬಿಡಬೇಕು, ಇಲ್ಲಾಂದ್ರೆ ಪ್ರತಿ ಪಟ್ಟಿಯ ಕೊನೇಲಿ ಒಂದು ಒದ್ದೆ ಗೆರೆ ಉಳಿಯುತ್ತೆ. ಹಿಂಗೆ ಮಾಡಿದ್ರೆ ಒಂದು ಮೂರು ಸೀಟಿನ ಸೋಫಾ ಒಂದು ಟ್ಯಾಂಕ್ ಒಳಗೇ ಮುಗಿಯುತ್ತೆ. ಅದಕ್ಕಿಂತ ದೊಡ್ಡ ಟ್ಯಾಂಕ್ ಬೇಕು ಅನ್ನೋರು ತುಂಬಿದ ಮೇಲೆ ಅದರ ತೂಕ ಎಷ್ಟು ಅಂತ ಯೋಚನೆ ಮಾಡಬೇಕು, ಹತ್ತು ಕೆಜಿ ಮಶೀನಿಗೆ ಹತ್ತು ಲೀಟರ್ ನೀರು ಸೇರಿದ್ರೆ ಇಪ್ಪತ್ತು ಕೆಜಿ. ಪಿ.ಜೆ. ಬಡಾವಣೆ, ಎಂ.ಸಿ.ಸಿ. ಬಿ ಬ್ಲಾಕ್ ಕಡೆ ಮೂರನೇ ಮಹಡಿ ಮನೆ, ಲಿಫ್ಟ್ ಇಲ್ಲ, ಮೆಟ್ಟಿಲು ತಿರುವು ಚಿಕ್ಕದು. ಖಾಲಿ ಮಶೀನ್ ಹೊತ್ಕೊಂಡು ಹೋಗಿ ಮೇಲೆ ನೀರು ತುಂಬ್ಸಿ, ಇಳಿಯೋ ಮುಂಚೆ ಕೊಳೆ ನೀರು ಟಾಯ್ಲೆಟ್‌ಗೆ ಸುರಿದು ಬರ್ರಿ, ಅಂಗಳದ ಗಿಡಕ್ಕೆ ಸುರಿಯಬೇಡ್ರಿ.

ಹೀಟರ್ ಇರೋ ಮಾಡೆಲ್ ತಗೋಬೇಕಾ ಅಂತ ನೀವು ಕೇಳಿಲ್ಲ, ಆದ್ರೆ ಅಂಗಡಿಯಲ್ಲಿ ಅದನ್ನ ತಳ್ಳೇ ತಳ್ತಾರೆ. ನಾನಂತೂ ಬೇಡ ಅಂತೀನಿ. 1250 ವ್ಯಾಟ್ ಮೋಟರು 230 ವೋಲ್ಟಲ್ಲಿ ಐದೂವರೆ ಆಂಪ್ ಹತ್ತಿರ ಎಳೆಯುತ್ತೆ, ಈಗಲೇ ಹಾಲಿನ 6 ಆಂಪ್ ಸಾಕೆಟ್‌ಗೆ ಅದು ಅಂಚಿಗೆ ಬಂತು. ಅದರ ಮೇಲೆ 2000 ವ್ಯಾಟ್ ಹೀಟರ್ ಸೇರಿದ್ರೆ 14 ಆಂಪ್ ಆಯ್ತು, ಹಳೇ ವೈರಿಂಗ್ ಮನೆಯಲ್ಲಿ ಅದು ಅಪಾಯ, ಇಲ್ಲಾ ಅಡುಗೆಮನೆ ಪಾಯಿಂಟಿಂದ ವೈರ್ ಎಳೀಬೇಕು. ಹೀಟರ್ ಇಲ್ಲದಿದ್ರೂ ಮೋಟರ್‌ನ 16 ಆಂಪ್ ಸಾಕೆಟ್‌ಗೇ ಹಾಕ್ರಿ, ಎಕ್ಸ್‌ಟೆನ್ಷನ್ ಬೋರ್ಡ್ ತೆಳು ವೈರಿಂದು ತಗೋಬೇಡ್ರಿ, 1.5 ಸ್ಕ್ವೇರ್ ಎಂಎಂ ಆದ್ರೂ ಇರಲಿ, ಸುರುಳಿ ಪೂರ್ತಿ ಬಿಚ್ಚಿ ಬಳಸ್ರಿ, ಸುತ್ತಿಟ್ಟ ವೈರ್ ಬಿಸಿ ಆಗುತ್ತೆ. ಬಿಸಿನೀರು ಬೇಕಾದ್ರೆ ಗೀಸರ್‌ನಿಂದ ಹಿಡ್ಕೊಳ್ರಿ, ಕೈ ಇಟ್ರೆ ತಡ್ಕೊಳ್ಳೋ ಅಷ್ಟು ಬಿಸಿ ಸಾಕು, ಈ ಸಣ್ಣ ಮಶೀನ್‌ಗಳಲ್ಲಿ 50 ಡಿಗ್ರಿ ಮೇಲೆ ಹಾಕಬೇಡಿ ಅಂತ ಕಂಪನಿಯವರೇ ಬರೆದಿರ್ತಾರೆ, ಕುದಿಯೋ ನೀರು ಹಾಕಿದ್ರೆ ಪಂಪಿನ ರಬ್ಬರ್ ಹೋಗುತ್ತೆ.

ಅಂಗಡಿಗೆ ಹೋಗುವಾಗ ಮನೆಯಿಂದ ಒಂದು ಹಳೇ ಕಾರ್ಪೆಟ್ ತುಂಡು ತಗೊಂಡು ಹೋಗ್ರಿ. ಅಲ್ಲೇ ಒದ್ದೆ ಮಾಡ್ಸಿ, ಅಲ್ಲೇ ಎಳಿಸಿ, ಆಮೇಲೆ ಅದರ ಮೇಲೆ ಹಳೇ ಪೇಪರ್ ಹಾಳೆ ಇಟ್ಟು ಚಪ್ಪಲಿ ಬಿಚ್ಚಿ ಕಾಲಲ್ಲಿ ಒತ್ತಿ ನೋಡ್ರಿ, ಪೇಪರ್ ತೊಯ್ದು ಹರಿದ್ರೆ ಆ ಮಶೀನ್ ಬೇಡ, ಬರೀ ತಂಪಾದ್ರೆ ಪರವಾಗಿಲ್ಲ. ಹೋಸ್ ಪೈಪ್ ಉದ್ದ ಜಾಸ್ತಿ ಆದಷ್ಟೂ ಎಳೆತ ಕಡಿಮೆ ಆಗುತ್ತೆ, ಎರಡೂವರೆ ಮೂರು ಮೀಟರ್ ಸಾಕು. ಸೋಫಾಗೆ ಬೇರೆ ಸಣ್ಣ ಮೂತಿ ಜೊತೆಗೇ ಕೊಡ್ತಾರಾ ಕೇಳ್ರಿ, ಅದು ಪಾರದರ್ಶಕ ಇದ್ರೆ ಒಳ್ಳೇದು, ಒಳಗೆ ಕಪ್ಪು ನೀರು ಹೋಗ್ತಿರೋದು ನಿಮಗೂ ಕಾಣುತ್ತೆ, ಪಕ್ಕದಲ್ಲಿ ನಿಂತ ಮನೆಯವರಿಗೂ ಕಾಣುತ್ತೆ, ನೀರು ತಿಳಿ ಬಂದಾಗ ನಿಲ್ಲಿಸಬೇಕು ಅಂತಾನೂ ಗೊತ್ತಾಗುತ್ತೆ.

ಕೊನೇದಾಗಿ ಸರ್ವಿಸ್. ನನ್ನ ಮೊದಲನೇ ಮಶೀನು ಬೇರೆ ಊರಿಂದ ತರಿಸಿದ್ದು, ರೇಟ್ ಕಡಿಮೆ ಅಂತ. ಏಳನೇ ತಿಂಗಳಿಗೆ ಪಂಪ್ ಸೀಲ್ ಹೋಯ್ತು, ಮಾರಿದವರು ಕೊರಿಯರ್ ಮಾಡಿ ಅಂದ್ರು, ಮಾಡಿದೆ, ಪಾರ್ಟ್ ಇಲ್ಲ ಅಂದ್ರು, ದಸರಾ ದೀಪಾವಳಿ ಸೀಸನ್ ಪೂರ್ತಿ ಮಶೀನ್ ಇಲ್ಲದೆ ಕೂತಿದ್ದೆ, ನಮ್ಮ ವರ್ಷದ ದುಡಿಮೆಯಲ್ಲಿ ದೊಡ್ಡ ಪಾಲು ಆ ಎರಡು ತಿಂಗಳದ್ದೇ. ಅವತ್ತಿಂದ ಯಾವುದೇ ಮಶೀನ್ ನೋಡಿದ್ರೂ ಮೊದಲು ಕೇಳೋದು, ಪಂಪ್, ಸೀಲ್, ಜೆಟ್ (ನೀರು ಚಿಮ್ಮೋ ಸಣ್ಣ ತೂತಿನ ಭಾಗ), ಫ್ಲೋಟ್ (ಕೊಳೆ ಟ್ಯಾಂಕ್ ತುಂಬಿದಾಗ ಎಳೆತ ನಿಲ್ಲಿಸೋ ಭಾಗ), ಹೋಸ್ ಇವೈದು ಬಿಡಿಭಾಗ ಎಷ್ಟು ದಿನಕ್ಕೆ ದಾವಣಗೆರೆಗೆ ಬರ್ತವೆ, ಯಾರು ಹಾಕ್ತಾರೆ. ಬೆಂಗಳೂರು ಹುಬ್ಬಳ್ಳಿ ಎರಡೂ ನಮಗೆ ಹೈವೇ ಮೇಲೇ ಇವೆ, ರಾತ್ರಿ ಬಸ್ಸಿಗೆ ಹಾಕಿದ ಪಾರ್ಟು ಬೆಳಿಗ್ಗೆ ಕೈಗೆ ಬರೋ ಹಾಗಿದ್ರೆ ನಾಲ್ಕು ದುಡ್ಡು ಜಾಸ್ತಿ ಕೊಟ್ಟು ಅಂಥ ಕಡೆ ತಗೊಳ್ರಿ.

ಪ್ರಶ್ನೆ: ಎಕ್ಸ್‌ಟ್ರ್ಯಾಕ್ಟರ್ ಟ್ಯಾಂಕಿಗೆ ಬಟ್ಟೆ ತೊಳೆಯೋ ಪುಡಿ ಕಲಸಿ ಹಾಕಬಹುದಾ? ಕಾರ್ಪೆಟ್ ಲಿಕ್ವಿಡ್ ದುಬಾರಿ. — ಹದಡಿ ರಸ್ತೆ, ದಾವಣಗೆರೆ

ಉತ್ತರ: ಬೇಡವೇ ಬೇಡ. ಪುಡಿ ನೊರೆ ಜಾಸ್ತಿ. ಕೊಳೆ ನೀರಿನ ಟ್ಯಾಂಕ್ ತುಂಬಿದಾಗ ಫ್ಲೋಟ್ ಮೇಲೆದ್ದು ಎಳೆತ ನಿಲ್ಲಿಸುತ್ತೆ, ಅದು ಮೋಟರ್ ಉಳಿಸೋಕೆ ಇಟ್ಟಿರೋ ವ್ಯವಸ್ಥೆ, ಆದ್ರೆ ನೊರೆಗೆ ಫ್ಲೋಟ್ ಏಳಲ್ಲ, ನೊರೆ ನೇರ ಮೋಟರ್ ಒಳಗೆ ಹೋಗುತ್ತೆ. ಕಡಿಮೆ ನೊರೆಯ ಲಿಕ್ವಿಡ್ ಅಂತ ಕೇಳಿ ತಗೊಳ್ರಿ. ಕಸ್ಟಮರ್ ತಾವೇ ಮುಂಚೆ ಯಾವುದೋ ಶಾಂಪೂ ಹಾಕಿ ಉಜ್ಜಿರ್ತಾರೆ, ಅದು ಕಾರ್ಪೆಟ್ ಒಳಗೇ ಕೂತಿರುತ್ತೆ, ನಿಮ್ಮ ನೀರು ಬಿದ್ದ ಕೂಡ್ಲೇ ನೊರೆ ಉಕ್ಕುತ್ತೆ, ಅದಕ್ಕೆ ಡಿಫೋಮರ್ ಅಂತ ಸಿಗುತ್ತೆ, ಕೊಳೆ ಟ್ಯಾಂಕಿಗೆ ಸ್ವಲ್ಪ ಹಾಕ್ಕೊಂಡೇ ಕೆಲಸ ಶುರು ಮಾಡ್ರಿ. ಮತ್ತೆ ಲಿಕ್ವಿಡ್ ಜಾಸ್ತಿ ಹಾಕಿದ್ರೆ ಜಾಸ್ತಿ ಕ್ಲೀನ್ ಆಗಲ್ಲ, ಅಂಟು ಉಳಿದು ಮುಂದಿನ ವಾರಕ್ಕೇ ಧೂಳು ಹಿಡಿಯುತ್ತೆ.

ಪ್ರಶ್ನೆ: ನಾನು ಒಂದು ಲಾಡ್ಜ್‌ನಲ್ಲಿ ಹೌಸ್‌ಕೀಪಿಂಗ್ ನೋಡ್ಕೊಳ್ತೀನಿ. ಎಂಟು ತಿಂಗಳ ಹಿಂದೆ ಸಣ್ಣ ಎಕ್ಸ್‌ಟ್ರ್ಯಾಕ್ಟರ್ ತಗೊಂಡ್ವಿ, ಮೊದಲು ಚೆನ್ನಾಗಿತ್ತು, ಈಗ ಸ್ಪ್ರೇ ಬೀಸಣಿಗೆ ಥರ ಅಗಲ ಬರೋ ಬದ್ಲು ಒಂದೇ ಗೆರೆ ಬರ್ತಾ ಇದೆ, ಒಂದು ಕಡೆ ಬರೋದೇ ಇಲ್ಲ. ಕಾರ್ಪೆಟ್ ಕೂಡ ಒಣಗಿದ ಮೇಲೆ ಬಿರುಸು ಬಿರುಸು. ಮಶೀನೇ ಕಳಪೆನಾ? — ಚಿತ್ರದುರ್ಗ

ಉತ್ತರ: ಮಶೀನ್ ಮೇಲೆ ತಪ್ಪು ಹಾಕೋ ಮುಂಚೆ ಯಾವ ನೀರು ಹಾಕ್ತಿದೀರಿ ಹೇಳ್ರಿ. ಬೋರ್‌ವೆಲ್ ನೀರು ಅಂತ ನನ್ನ ಊಹೆ. ಚಿತ್ರದುರ್ಗದ ಕಡೆ ಅಂತರ್ಜಲದಲ್ಲಿ ಫ್ಲೋರೈಡು, ಗಡಸು ಎರಡೂ ಜಾಸ್ತಿ ಅನ್ನೋದು ಆ ಜಿಲ್ಲೆಯವರಿಗೆ ನಾನು ಹೇಳಬೇಕಿಲ್ಲ, ನಿಮ್ಮ ಲಾಡ್ಜಿನ ಬಾತ್‌ರೂಮಿನ ನಲ್ಲಿಗಳ ಮೇಲೆ ಬಿಳಿ ಪದರ ಕಟ್ಟಿರುತ್ತಲ್ಲ, ಅದೇ ಪದರ ಮಶೀನಿನ ಪಂಪ್ ಒಳಗೆ, ಜೆಟ್ಟಿನ ಸೂಜಿಮೊನೆಯಷ್ಟು ತೂತಲ್ಲಿ ಕಟ್ತಾ ಇದೆ. ಬಿರುಸು ಆಗೋದಕ್ಕೂ ಅದೇ ಕಾರಣ, ಗಡಸು ನೀರಲ್ಲಿ ಸೋಪು ಸರಿಯಾಗಿ ಕರಗದೆ ಗಸಿ ಆಗಿ ನೂಲಿಗೆ ಅಂಟುತ್ತೆ.

ಜೆಟ್ ಬಿಚ್ಚಿ ಸಿಟ್ರಿಕ್ ಆಸಿಡ್ ಅಂದ್ರೆ ನಿಂಬೆ ಉಪ್ಪು ಕಲಸಿದ ಬಿಸಿನೀರಲ್ಲಿ ರಾತ್ರಿ ನೆನೆಸಿಡ್ರಿ, ಪಿನ್ನು ಸೂಜಿ ಹಾಕಿ ಚುಚ್ಚಬೇಡ್ರಿ, ತೂತಿನ ಆಕಾರ ಕೆಟ್ರೆ ಆ ಬೀಸಣಿಗೆ ಮತ್ತೆ ಬರಲ್ಲ. ಆಮೇಲೆ ಟ್ಯಾಂಕಿಗೆ ಎರಡು ಲೀಟರ್ ಉಗುರು ಬೆಚ್ಚಗಿನ ನೀರಿಗೆ ಎರಡು ಚಮಚ ನಿಂಬೆ ಉಪ್ಪು ಹಾಕಿ, ಅರ್ಧ ನಿಮಿಷ ಸ್ಪ್ರೇ ಮಾಡಿ ಬಕೆಟ್‌ಗೆ ಬಿಟ್ಟು, ಕಾಲು ಗಂಟೆ ಹಾಗೇ ಬಿಟ್ಟು, ಮತ್ತೆ ಸ್ಪ್ರೇ ಮಾಡಿ, ಕೊನೆಗೆ ಎರಡು ಸಲ ಬರೀ ನೀರು ಓಡಿಸ್ರಿ. ತಿಂಗಳಿಗೆ ಒಂದು ಸಲ ಇದು ಆಗ್ಲೇಬೇಕು. ಟ್ಯಾಂಕಿನ ತಳದಲ್ಲಿ ಸಣ್ಣ ಜಾಲರಿ ಫಿಲ್ಟರ್ ಇರುತ್ತೆ, ಅದನ್ನೂ ತೆಗೆದು ತೊಳೀರಿ, ತುಂಬಾ ಜನಕ್ಕೆ ಅದು ಇರೋದೇ ಗೊತ್ತಿರಲ್ಲ.

ಮುಂದೆ ನಲ್ಲಿಯಲ್ಲಿ ಶಾಂತಿಸಾಗರದ (ಸೂಳೆಕೆರೆ) ನೀರು ಬಂದಾಗ ನಾಲ್ಕು ಕ್ಯಾನ್ ಹಿಡಿದಿಟ್ಟು ಮಶೀನಿಗೆ ಅದನ್ನೇ ಹಾಕ್ರಿ, ಇಲ್ಲಾ ಶುದ್ಧ ನೀರಿನ ಘಟಕದ್ದು ತನ್ನಿ, ದಿನಕ್ಕೆ ಮೂವತ್ತು ನಲವತ್ತು ಲೀಟರ್ ಸಾಕಾಗುತ್ತೆ. ಒಂದು ಎಚ್ಚರಿಕೆ, ಕೆಲವರು ಉಳಿತಾಯ ಅಂತ ಆರ್‌ಓ ಮಶೀನಿಂದ ಹೊರಗೆ ಬಿಡೋ ವೇಸ್ಟ್ ನೀರನ್ನ ಕ್ಲೀನಿಂಗ್‌ಗೆ ಬಳಸ್ತಾರೆ, ಅದು ಬೋರ್ ನೀರಿಗಿಂತ ಗಡಸು, ನೆಲ ಒರೆಸೋಕೆ ಆಗುತ್ತೆ, ಎಕ್ಸ್‌ಟ್ರ್ಯಾಕ್ಟರ್‌ಗೆ ಹಾಕಬಾರದು.

ಇನ್ನೊಂದು ಮಾತು ಸೇರಿಸ್ತೀನಿ, ಇದು ನಿಟ್ಟುವಳ್ಳಿಯವರಿಗೂ ಸೇರಿ. ನಮ್ಮ ಕಡೆ ಕಾರ್ಪೆಟ್‌ನಲ್ಲಿ ಇರೋದರಲ್ಲಿ ಜಾಸ್ತಿ ಒಣ ಧೂಳು, ದುರ್ಗದ ಕಡೆ ಕೆಂಪು, ದಾವಣಗೆರೆ ಕಡೆ ಕರೀ ಮಣ್ಣಿನ ನುಣುಪು ಪುಡಿ. ಎರೆಮಣ್ಣು ಒದ್ದೆ ಆದ್ರೆ ಏನಾಗುತ್ತೆ ಅಂತ ಹೊಲ ತುಳಿದೋರಿಗೆಲ್ಲಾ ಗೊತ್ತು. ಕಾರ್ಪೆಟ್ ಒಳಗೂ ಹಾಗೇ ಕೆಸರಾಗಿ ನೂಲಿಗೆ ಮೆತ್ತಿಕೊಳ್ಳುತ್ತೆ. ಅದಕ್ಕೇ ನೀರು ಮುಟ್ಟಿಸೋ ಮುಂಚೆ ಒಣ ವ್ಯಾಕ್ಯೂಮ್ ಎರಡೂ ದಿಕ್ಕಿಂದ ನಿಧಾನವಾಗಿ ಹೊಡೀಬೇಕು, ಹಳೇ ವೆಟ್ ಆಂಡ್ ಡ್ರೈ ಮಾರಬೇಡಿ ಅಂದಿದ್ದು ಇದಕ್ಕೇ. ಆಮೇಲೆ ಲಿಕ್ವಿಡ್ ಬೇರೆ ಸ್ಪ್ರೇ ಬಾಟಲಿಯಲ್ಲಿ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಮೆತ್ತನೆ ಬ್ರಷ್‌ನಲ್ಲಿ ಆಡಿಸಿ, ಆಮೇಲೆ ಮಶೀನು. ಮಶೀನ್ ಟ್ಯಾಂಕಲ್ಲಿ ಬರೀ ನೀರು ಇದ್ರೂ ನಡೆಯುತ್ತೆ ಆಗ, ಪಂಪಿಗೂ ಒಳ್ಳೇದು.

ಪ್ರಶ್ನೆ: ಒಬ್ರ ಮನೇಲಿ ರೇಷ್ಮೆ ಥರ ಹೊಳೆಯೋ ಸಣ್ಣ ಕಾರ್ಪೆಟ್ ಮಾಡ್ದೆ. ಒಣಗಿದ ಮೇಲೆ ಅಲ್ಲಲ್ಲಿ ಹಳದಿ, ಹೊಳಪೂ ಹೋಯ್ತು, ನೂಲು ಗಟ್ಟಿ ಆಗೈತಿ. ಅವರು ದುಡ್ಡು ಕೊಡಲ್ಲ ಅಂತಾರೆ. ನಾನೇನು ತಪ್ಪು ಮಾಡ್ದೆ? — ಹರಿಹರ

ಉತ್ತರ: ಅದು ರೇಷ್ಮೆ ಅಲ್ಲ, ವಿಸ್ಕೋಸ್ ಅಂತ ಕಾಣುತ್ತೆ. ನೀವು ಹರಿಹರದವರು, ಹೊಳೆ ಆಚೆ ಕುಮಾರಪಟ್ಟಣದ ಗ್ರಾಸಿಂ ಫ್ಯಾಕ್ಟರಿಯಲ್ಲಿ ವಿಸ್ಕೋಸ್ ನೂಲಿಗೆ ಬೇಕಾದ ನಾರು ತಯಾರಾಗೋದು ನಿಮಗೆ ಗೊತ್ತೇ ಇರುತ್ತೆ. ಅದು ಮರದ ತಿರುಳಿಂದ ಮಾಡೋ ನಾರು. ಒಣಗಿದ್ದಾಗ ಚೆಂದ, ಒದ್ದೆ ಆದ ತಕ್ಷಣ ಅರ್ಧದಷ್ಟು ಶಕ್ತಿ ಕಳ್ಕೊಳ್ಳುತ್ತೆ, ಆಗ ಬ್ರಷ್ ಆಡಿಸಿದ್ರೆ ನೂಲಿನ ತುದಿ ಸಿಡಿದು ಮತ್ತೆ ಹೊಳೆಯಲ್ಲ, ನಿಧಾನ ಒಣಗಿದ್ರೆ ಹಳದಿ ತಿರುಗುತ್ತೆ. ಬ್ಯಾಂಬೂ ಸಿಲ್ಕ್, ಆರ್ಟ್ ಸಿಲ್ಕ್ ಅಂತ ಬೇರೆ ಬೇರೆ ಹೆಸರಲ್ಲಿ ಮಾರೋದರಲ್ಲೂ ಬಹಳಷ್ಟು ಇದೇ ಜಾತಿ. ಇದಕ್ಕೆ ನಿಮ್ಮ ಮಶೀನು ಒಳ್ಳೇದಾದ್ರೂ ಹಾಕೋ ಹಾಗಿಲ್ಲ.

ಅದಕ್ಕೇ ಕೆಲಸ ಒಪ್ಪೋ ಮುಂಚೆ ಕಾರ್ಪೆಟ್ ಮೂಲೆ ಮಡಚಿ ಹಿಂದಿನ ಲೇಬಲ್ ಓದ್ರಿ. ಲೇಬಲ್ ಇಲ್ಲಾಂದ್ರೆ ಕಾಣದ ಅಂಚಿಂದ ಒಂದು ಎಳೆ ಕಿತ್ತು ಹೊರಗೆ ಹೋಗಿ ಸುಟ್ಟು ನೋಡ್ರಿ. ಕೂದಲು ಸುಟ್ಟ ವಾಸನೆ ಬಂದ್ರೆ ಉಣ್ಣೆ ಇಲ್ಲಾ ನಿಜವಾದ ರೇಷ್ಮೆ, ಪೇಪರ್ ಸುಟ್ಟ ವಾಸನೆ ಬಂದು ಬೂದಿ ಆದ್ರೆ ಹತ್ತಿ ಇಲ್ಲಾ ವಿಸ್ಕೋಸ್, ಕರಗಿ ಗಟ್ಟಿ ಮಣಿ ಆದ್ರೆ ಪ್ಲಾಸ್ಟಿಕ್ ಜಾತಿಯ ನೂಲು. ಈ ಮೂರನೇದಕ್ಕೆ ಮಾತ್ರ ಧೈರ್ಯವಾಗಿ ಎಕ್ಸ್‌ಟ್ರ್ಯಾಕ್ಟರ್ ಹಾಕಬಹುದು, ನಮ್ಮ ಕಡೆ ಮನೆಗಳಲ್ಲಿ ಬಹುಪಾಲು ಅದೇ ಇರೋದು. ಉಣ್ಣೆಗೆ ತಣ್ಣೀರು, ನ್ಯೂಟ್ರಲ್ ಲಿಕ್ವಿಡ್ (ಆಸಿಡ್ಡೂ ಅಲ್ಲದ, ಕ್ಷಾರವೂ ಅಲ್ಲದ್ದು), ಕಡಿಮೆ ನೀರು. ಬಣ್ಣ ಬಿಡುತ್ತಾ ಅಂತ ಬಿಳೀ ಬಟ್ಟೆ ಒದ್ದೆ ಮಾಡಿ ಒಂದು ಮೂಲೆಗೆ ಒತ್ತಿ ಹಿಡಿದು ನೋಡೋದು ಎಲ್ಲದಕ್ಕೂ ಕಡ್ಡಾಯ. ಆ ಮನೆಯವರ ದುಡ್ಡಿನ ವಿಷಯಕ್ಕೆ ಬಂದ್ರೆ ಬೇಜಾರಾಗುತ್ತೆ, ಆದ್ರೂ ಕೇಳಬೇಡ್ರಿ, ಹೋಗಿ ಏನಾಯ್ತು ಅಂತ ನಿಜ ಹೇಳಿ ಬರ್ರಿ.

ಪ್ರಶ್ನೆ: ಮನೇಲಿ ತಾತನ ಕಾಲದ ಕಂಬಳಿ ಮೂರು, ಜಮಖಾನ ಎರಡು ಇವೆ. ಕಾರ್ಪೆಟ್ ಮಶೀನಿನವರ ಹತ್ರ ಕೊಡಬಹುದಾ? — ಚಳ್ಳಕೆರೆ

ಉತ್ತರ: ಕೊಡಬೇಡಿ ಅಂತ ನಾನೇ ಆ ಮಶೀನಿನವನಾಗಿ ಹೇಳ್ತಿದೀನಿ. ನಿಮ್ಮೂರ ಕಂಬಳಿ ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರ್ತಾರೆ, ಆ ಬಿಗಿ ಅದರಿಂದ ಬಂದಿದ್ದು. ಬಿಸಿನೀರು ಸ್ಪ್ರೇ ಮಾಡಿ ಉಜ್ಜಿದ್ರೆ ಗಂಜಿ ಬಿಟ್ಕೊಳ್ಳುತ್ತೆ, ಉಣ್ಣೆ ಒಂದಕ್ಕೊಂದು ಹೆಣೆದು ಕುಗ್ಗುತ್ತೆ. ಕೋಲಲ್ಲಿ ಬಡಿದು ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಇಟ್ಟು ಮಡಚಿಡ್ರಿ. ಜಮಖಾನ ಹತ್ತಿ, ಬಣ್ಣ ಬಿಡೋ ಸಾಧ್ಯತೆ ಜಾಸ್ತಿ, ಒಂದು ಮೂಲೆ ಒದ್ದೆ ಬಿಳೀ ಬಟ್ಟೆಯಲ್ಲಿ ನೋಡ್ಕೊಂಡು ತಣ್ಣೀರಲ್ಲಿ ಮನೇಲೇ ಒಗೀರಿ.

ಪ್ರಶ್ನೆ: ಒಂದು ಕಲ್ಯಾಣ ಮಂಟಪದವರು ಕೆಂಪು ಕಾರ್ಪೆಟ್ ವರ್ಷದ ಗುತ್ತಿಗೆ ಕೊಡ್ತೀವಿ ಅಂತಿದಾರೆ. 100 ಅಡಿ ಉದ್ದ 6 ಅಡಿ ಅಗಲ. ಸಣ್ಣ ಮಶೀನ್ ಸಾಕಾ? — ದಾವಣಗೆರೆ

ಉತ್ತರ: ಸಾಕಾಗಲ್ಲ. 600 ಚದರ ಅಡಿ ಅಂದ್ರೆ 56 ಚದರ ಮೀಟರ್ ಹತ್ತಿರ. ಸಣ್ಣ ಮಶೀನಿಗೆ ಗಂಟೆಗೆ 20 ರಿಂದ 25 ಚದರ ಮೀಟರ್ ಅಂತ ಕ್ಯಾಟಲಾಗಲ್ಲಿ ಇರುತ್ತೆ, ನೀರು ತುಂಬೋದು ಚೆಲ್ಲೋದು ಎಲ್ಲಾ ಸೇರಿ ನನ್ನ ಕೈಯಲ್ಲಿ ಅದರ ಅರ್ಧ ಆಗುತ್ತೆ, ಅಂದ್ರೆ ಐದು ಗಂಟೆ, ಬಗ್ಗಿ ಬಗ್ಗಿ. ಮದುವೆ ಸೀಸನಲ್ಲಿ ಒಂದು ಮದುವೆ ಮುಗಿದು ಇನ್ನೊಂದು ಶುರುವಾಗೋ ಮಧ್ಯೆ ಸಿಗೋದು ಒಂದು ರಾತ್ರಿ.

ನಾನು ಇದನ್ನ ಎರಡನೇ ವರ್ಷದಲ್ಲಿ ಒಪ್ಕೊಂಡಿದ್ದೆ. ರಾತ್ರಿ ಹನ್ನೊಂದಕ್ಕೆ ಶುರು ಮಾಡಿ ಬೆಳಗಿನ ಜಾವ ಮುಗಿಸ್ದೆ, ಅವಸರದಲ್ಲಿ ಒಣ ಎಳೆತ ಬಿಟ್ಟುಬಿಟ್ಟೆ, ಆರು ಗಂಟೆಗೆ ಹೆಣ್ಣಿನ ಕಡೆಯವರು ಬಂದಾಗ ಕಾರ್ಪೆಟ್ ಮೇಲೆ ಕಾಲಿಟ್ರೆ ಪಚಪಚ ಅಂತಿತ್ತು, ವಾಸನೆ ಬೇರೆ. ಮದುಮಗಳ ತಾಯಿ ರೇಷ್ಮೆ ಸೀರೆ ನೆರಿಗೆ ಎತ್ಕೊಂಡು ನಡೆದಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಮಂಟಪದ ಕೆಲಸ ಹೋಯ್ತು, ಹೋಗಬೇಕಾದ್ದೇ. ಆ ಥರ ತೆಳು ಕೆಂಪು ಕಾರ್ಪೆಟ್‌ಗೆ ಒಣ ವ್ಯಾಕ್ಯೂಮ್ ಮತ್ತು ಸಿಂಗಲ್ ಡಿಸ್ಕ್ ಮಶೀನಿಗೆ ಬಟ್ಟೆ ಪ್ಯಾಡ್ ಹಾಕಿ ಕಡಿಮೆ ನೀರಲ್ಲಿ ಒರೆಸೋ ವಿಧಾನ ಸರಿ, ಕಲೆ ಇರೋ ಜಾಗಕ್ಕೆ ಮಾತ್ರ ನಿಮ್ಮ ಸಣ್ಣ ಮಶೀನು. ಗುತ್ತಿಗೆ ಒಪ್ಪೋದಾದ್ರೆ ಹಾಗೆ ಮಾತಾಡ್ಕೊಂಡು ಒಪ್ರಿ, ಒಣಗೋಕೆ ಆರು ಗಂಟೆ ಫ್ಯಾನ್ ಓಡಬೇಕು ಅಂತ ಬರೆಸ್ಕೊಳ್ರಿ, ಮಳೆಗಾಲದಲ್ಲಿ ಅದಕ್ಕೂ ಜಾಸ್ತಿ.

ಪ್ರಶ್ನೆ: ನಾನು ಟೈಲರಿಂಗ್ ಮಾಡ್ತೀನಿ, ಜೊತೆಗೆ ಇಬ್ರು ಹೆಣ್ಮಕ್ಳನ್ನ ಇಟ್ಕೊಂಡು ಸೋಫಾ ಕ್ಲೀನಿಂಗ್ ಶುರು ಮಾಡೋ ಆಸೆ. ಸೆಕೆಂಡ್ ಹ್ಯಾಂಡ್ ಮಶೀನ್ ಒಂದು ಸಿಗ್ತಿದೆ. ತಗೊಳ್ಲಾ, ಇಲ್ಲ ಸಾಲ ಮಾಡಿ ಹೊಸದು ತಗೊಳ್ಲಾ? — ವಿದ್ಯಾನಗರ, ದಾವಣಗೆರೆ

ಉತ್ತರ: ಟೈಲರಿಂಗ್ ಗೊತ್ತಿರೋರು ಈ ಕೆಲಸಕ್ಕೆ ಬರ್ತಿರೋದು ನನಗೆ ತುಂಬಾ ಖುಷಿ, ಬಟ್ಟೆ ಮುಟ್ಟಿ ನೋಡಿದ್ರೇ ಯಾವ ನೂಲು ಅಂತ ನಿಮಗೆ ತಿಳಿಯುತ್ತೆ, ಅದು ಈ ಕೆಲಸದಲ್ಲಿ ಅರ್ಧ ವಿದ್ಯೆ. ಸಾಲದ ಮಟ್ಟಿಗೆ ಮುದ್ರಾ ಯೋಜನೆ ಇದೆ, ಶಿಶು ವಿಭಾಗದಲ್ಲಿ 50,000 ವರೆಗೆ, ಅದರ ಮೇಲೆ ಕಿಶೋರದಲ್ಲಿ 5 ಲಕ್ಷದವರೆಗೆ, ಅಡಮಾನ ಕೇಳೋ ಹಾಗಿಲ್ಲ. ಮಶೀನಿನ ಕೊಟೇಷನ್ ತಗೊಂಡು ನಿಮ್ಮ ಖಾತೆ ಇರೋ ಬ್ಯಾಂಕಿಗೇ ಮೊದಲು ಹೋಗ್ರಿ.

ಸೆಕೆಂಡ್ ಹ್ಯಾಂಡ್ ಬೇಡ ಅಂತ ಹೇಳಲ್ಲ, ನೋಡಿ ತಗೊಳ್ರಿ. ಕೊಳೆ ಟ್ಯಾಂಕಿನ ಮುಚ್ಚಳ ತೆಗೆದ ಕೂಡ್ಲೇ ಕೆಟ್ಟ ವಾಸನೆ ಬಂದ್ರೆ ಅವರು ಕೆಲಸ ಆದ ಮೇಲೆ ತೊಳೀತಿರಲಿಲ್ಲ ಅಂತ ಅರ್ಥ, ಪಂಪನ್ನೂ ಹಾಗೇ ಇಟ್ಟಿರ್ತಾರೆ. ಮುಚ್ಚಳದ ಸುತ್ತ ರಬ್ಬರ್ ಬಿರುಕು ಬಿಟ್ಟಿದ್ರೆ ಗಾಳಿ ಸೋರಿ ಎಳೆತ ಸಾಯುತ್ತೆ. ಹೋಸ್‌ನ ಮಡಚೋ ಜಾಗದಲ್ಲಿ ಬೆರಳಾಡಿಸಿ ಸೀಳು ಇದೆಯಾ ನೋಡ್ರಿ, ಇಲಿ ಕಚ್ಚಿರೋದೂ ಉಂಟು. ಹೋಸ್ ಬಾಯಿಗೆ ಅಂಗೈ ಇಟ್ಟು ಮುಚ್ಚಿದಾಗ ಮೋಟರ್ ಸದ್ದು ಒಂದು ಹಂತ ಮೇಲೇರಬೇಕು, ಅಂಗೈ ಕೀಳೋಕೆ ಜೋರು ಬೇಕಾಗಬೇಕು. ಕಪ್ಪು ಹೊಗೆ, ಸುಟ್ಟ ವಾಸನೆ, ಕಿರ್ ಅನ್ನೋ ಸದ್ದು ಮೂರರಲ್ಲಿ ಯಾವುದು ಇದ್ರೂ ವಾಪಸ್ ಬರ್ರಿ. ಇಷ್ಟೆಲ್ಲಾ ಸರಿ ಇದ್ರೆ ಎರಡು ದಿನ ಬಾಡಿಗೆಗೆ ಕೊಡಿ ಅಂತ ಕೇಳ್ರಿ, ನಿಮ್ಮ ಮನೆ ಸೋಫಾ, ಅಕ್ಕಪಕ್ಕದವರದ್ದು ಒಂದೆರಡು ಮಾಡಿ, ಅವು ಸಂಜೆ ಒಳಗೆ ಒಣಗಿದ್ರೆ ದುಡ್ಡು ಕೊಡ್ರಿ.